ದುರ್ಗದ ನಾಯಕರ ಕಾಲದ ಚಳ್ಳಕೆರೆ–ಮೊಳಕಾಲ್ಮೂರು ಸೀಮೆ: ಸಮಾಜ ಮತ್ತು ಆರ್ಥಿಕತೆ

ಮತ್ತಿ ತಿಮ್ಮಣ್ಣ ನಾಯಕ ಚಿತ್ರದುರ್ಗದ ಬೆಟ್ಟದಲ್ಲಿ ನೆಲೆಯೂರಿದ್ದು 1568ರ ಹೊತ್ತಿಗೆ. ತಾಳಿಕೋಟೆಯ ಯುದ್ಧ ಮುಗಿದು ಆಗಿನ್ನೂ ಮೂರು ವರ್ಷ. ವಿಜಯನಗರದ ಅರಸರು ಪೆನುಕೊಂಡೆಗೆ ಸರಿದಿದ್ದರು, ಅವರ ನಾಯಕರು ತಂತಮ್ಮ ಸೀಮೆಗಳಲ್ಲಿ ಬೇರು ಬಿಡುತ್ತಿದ್ದರು. ಹೈದರಾಲಿ 1779ರಲ್ಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯುವವರೆಗೆ ಕಾಮಗೇತಿ ವಂಶದವರು ಇನ್ನೂರು ವರ್ಷ ಮೀರಿ ದುರ್ಗವನ್ನು ಆಳಿದರು. ಈ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಟ್ಯೂಡರ್ ವಂಶ 1603ರಲ್ಲಿ ಮುಗಿಯಿತು, ಸ್ಟುವರ್ಟ್ ವಂಶ ಬಂದು 1714ರಲ್ಲಿ ಹೋಯಿತು. ಆ ಎರಡು ವಂಶಗಳ ಕಾಲದ ರೊಟ್ಟಿಯ ಬೆಲೆ, ಕೂಲಿಯ ದರ, ಉಣ್ಣೆಯ ವ್ಯಾಪಾರ ಕುರಿತು ಕಪಾಟುಗಟ್ಟಲೆ ಪುಸ್ತಕಗಳಿವೆ. ದುರ್ಗದ ನಾಯಕರ ವಿಷಯಕ್ಕೆ ಬಂದರೆ ಕೋಟೆ, ಮುತ್ತಿಗೆ, ಒಳಸಂಚುಗಳೇ ಮುಂದೆ ನಿಲ್ಲುತ್ತವೆ. ತಳುಕಿನ ಮನೆತನದ ತ.ರಾ. ಸುಬ್ಬರಾಯರ ಕಾದಂಬರಿಗಳ ಪ್ರಭಾವ ಅಷ್ಟು ದೊಡ್ಡದು. ಆ ಕೋಟೆಗೆ ಜೋಳ ಎಲ್ಲಿಂದ ಬರುತ್ತಿತ್ತು, ಕಾಲಾಳಿನ ಹೆಂಡತಿ ಮಕ್ಕಳು ಏನು ತಿನ್ನುತ್ತಿದ್ದರು ಎಂಬ ಪ್ರಶ್ನೆಗಳು ಹಿಂದೆ ಉಳಿದವು.

ಉತ್ತರ ಹುಡುಕಲು ಆಕರಗಳಿಲ್ಲದೆ ಇಲ್ಲ. ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ತಿರುಗಿ ಬಖೈರುಗಳನ್ನೂ ಕಡತಗಳನ್ನೂ ಕಲೆಹಾಕಿದರು. ಎಂ.ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆ ಬರೆದರು. ಲಕ್ಷ್ಮಣ್ ತೆಲಗಾವಿ, ಬಿ. ರಾಜಶೇಖರಪ್ಪ ಮೊದಲಾದ ವಿದ್ವಾಂಸರು ಶಾಸನ, ಕೈಫಿಯತ್ತುಗಳನ್ನು ಶೋಧಿಸಿ ಆ ಕೆಲಸ ಮುಂದುವರಿಸಿದರು. ಇವುಗಳ ಜೊತೆಗೆ ಮ್ಯಾಸಬೇಡರ, ಕಾಡುಗೊಲ್ಲರ ಬಾಯಲ್ಲಿ ಉಳಿದ ಕಥನಗಳಿವೆ. ಅರಮನೆಯ ಬರಹ ತೆರಿಗೆಯ ಲೆಕ್ಕ ಹೇಳಿದರೆ ಈ ಕಥನಗಳು ದನದ ಲೆಕ್ಕ ಹೇಳುತ್ತವೆ. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮಟ್ಟಿಗೆ ಎರಡನೆಯ ಲೆಕ್ಕಕ್ಕೇ ತೂಕ ಹೆಚ್ಚು.

ಈ ಸೀಮೆ ಇಡಿಯಾಗಿ ದುರ್ಗದ ಕೈಯಲ್ಲಿ ಯಾವಾಗಲೂ ಇರಲಿಲ್ಲ. ನಾಯಕನಹಟ್ಟಿಯಲ್ಲಿ ಹಟ್ಟಿಯ ನಾಯಕರಿದ್ದರು. ಮೊಳಕಾಲ್ಮೂರು ಮೊದಲು ರಾಯದುರ್ಗದ ಪಾಳೆಯಗಾರರದು. ಅಲ್ಲಿಂದ ಹಟ್ಟಿಯವರ ಕೈಗೆ ಬಂದು, ಕೊನೆಗೆ ದುರ್ಗದ ಆಳ್ವಿಕೆಗೆ ಸೇರಿತು. ಪೂರ್ವಕ್ಕೆ ನಿಡುಗಲ್ಲಿನವರು, ಉತ್ತರಕ್ಕೆ ಜರಿಮಲೆ, ಗುಡೇಕೋಟೆಯವರು. ಹೆಚ್ಚಿನವರು ಬೇಡ ನಾಯಕ ಸಮುದಾಯದವರೇ. ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದವರೂ ಇದ್ದರು, ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋದವರೂ ಇದ್ದರು. ಗಡಿ ತಲೆಮಾರಿಗೊಮ್ಮೆ ಸರಿದಾಡಿತು. ಗಡಿಯ ಎರಡೂ ಕಡೆ ಬದುಕು ಮಾತ್ರ ಒಂದೇ ತೆರನಾಗಿತ್ತು, ಏಕೆಂದರೆ ಅದನ್ನು ನಿರ್ಧರಿಸುತ್ತಿದ್ದುದು ಮಳೆ.

ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಎರಡು ತಾಲ್ಲೂಕುಗಳು ಕರ್ನಾಟಕದ ಅತಿ ಒಣ ಪ್ರದೇಶಗಳ ಸಾಲಿನಲ್ಲಿವೆ. ಮುಂಗಾರಿನ ಮೋಡ ಪಶ್ಚಿಮಘಟ್ಟದ ಸಾಲಿನಲ್ಲೇ ಬಹುಪಾಲು ಇಳಿದುಬಿಡುತ್ತದೆ. ಇಲ್ಲಿಗೆ ತಲುಪುವುದು ಗಾಳಿ. ಹಿಂಗಾರು ಬಂದರೆ ಬಂತು. ವೇದಾವತಿ, ಚಿನ್ನಹಗರಿ ಎನ್ನಿಸಿಕೊಳ್ಳುವ ಜನಗಹಳ್ಳ, ಇವೆರಡೂ ವರ್ಷದ ಬಹುಭಾಗ ಮರಳಿನ ಹಾಸು. ಹೊಳೆಯ ದಂಡೆಗೆ ಅಲ್ಲಲ್ಲಿ ಎರೆ ಭೂಮಿ, ಉಳಿದದ್ದೆಲ್ಲ ತೆಳು ಕೆಂಪು ಮಣ್ಣು, ಬಂಡೆ, ಕುರುಚಲು. ನವಣೆ, ಸಜ್ಜೆ, ರಾಗಿ, ಜೋಳ, ಹುರುಳಿ, ಹರಳು ಬೆಳೆಯುತ್ತಿದ್ದವು. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ತಂದ ಶೇಂಗಾ ಆಗ ಇಲ್ಲಿನ ಹೊಲಗಳಲ್ಲಿ ಇರಲಿಲ್ಲ. ಅದು ಬಹಳ ಈಚಿನ ಬೆಳೆ.

ಇಂಗ್ಲೆಂಡಿನ ಜೊತೆ ಹೋಲಿಸಿದರೆ ಈ ಸೀಮೆಯ ಆರ್ಥಿಕತೆಯ ಮೂಲಸ್ವಭಾವ ಬೇಗ ತಿಳಿಯುತ್ತದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 25 ಲಕ್ಷ. 1600ರ ಹೊತ್ತಿಗೆ 40 ಲಕ್ಷ. ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಧಾನ್ಯದ ಬೆಲೆ ಒಂದು ಶತಮಾನದಲ್ಲಿ ನಾಲ್ಕೈದು ಪಟ್ಟು ಏರಿತು, ಕೂಲಿ ಅದರ ಹಿಂದೆ ಓಡಲಾರದೆ ಬಿತ್ತು, ಊರಿಂದೂರಿಗೆ ಅಲೆಯುವ ನಿರ್ಗತಿಕರಿಗಾಗಿ 1601ರಲ್ಲಿ ಬಡವರ ಕಾನೂನನ್ನು ಗಟ್ಟಿಗೊಳಿಸಬೇಕಾಯಿತು. ಚಳ್ಳಕೆರೆ ಸೀಮೆಯ ಕಷ್ಟ ಇದಕ್ಕೆ ತಿರುವುಮುರುವು. ಇಲ್ಲಿ ನೆಲ ಕಣ್ಣಿಗೆ ಕಾಣುವಷ್ಟು ದೂರ ಬಿದ್ದಿತ್ತು. ನೀರು ಕಡಿಮೆ, ದುಡಿಯುವ ಕೈ ಇನ್ನೂ ಕಡಿಮೆ. ನೆಲದ ಒಡೆತನ ಇಲ್ಲಿ ಯಾರನ್ನೂ ದೊಡ್ಡವನನ್ನಾಗಿ ಮಾಡುತ್ತಿರಲಿಲ್ಲ. ನೀರು ನಿಲ್ಲಿಸಬಲ್ಲವನು, ದನ ಸಾಕಬಲ್ಲವನು, ನೂರು ಜನರನ್ನು ತನ್ನ ಬೆನ್ನಿಗೆ ಕರೆದೊಯ್ಯಬಲ್ಲವನು ದೊಡ್ಡವನು. ದುರ್ಗದ ನಾಯಕರ ಆಡಳಿತವೆಲ್ಲ ಈ ಕೊರತೆಯ ಸುತ್ತ ಕಟ್ಟಿಕೊಂಡದ್ದು.

ಮೊದಲು ನೀರಿನ ಮಾತು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಕೆರೆ ಕಟ್ಟಿಸಿದವನೆಂದೇ ಹೆಸರಾದ. ಭರಮಸಾಗರ ಅವನ ಹೆಸರಿನದು, ಭೀಮಸಮುದ್ರದ ಕೆರೆಯೂ ಅವನ ಕಾಲದ್ದು. ಇವೆರಡೂ ಪಶ್ಚಿಮದ ಕಡೆಗಿವೆ. ಪೂರ್ವದ ಒಣ ನೆಲದಲ್ಲಿ ಅಷ್ಟು ದೊಡ್ಡ ಕೆರೆಗಳಿಗೆ ಹಳ್ಳಗಳೇ ಸಾಲವು. ಇಲ್ಲಿ ಗುಡ್ಡದ ಸಂದಿಗೆ ಏರಿ ಹಾಕಿ ಕಟ್ಟಿದ ಸಣ್ಣ ಕೆರೆ ಕಟ್ಟೆಗಳು, ಹೊಳೆಯ ಮರಳು ತೋಡಿ ತೆಗೆದ ತಲಪರಿಗೆ, ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿ, ಇವೇ ಆಸರೆ. ಕೆರೆ ಕಟ್ಟಿದವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ತೆರಿಗೆಯಿಲ್ಲದೆ ಬಿಡುವುದು ವಿಜಯನಗರದ ಕಾಲದಿಂದ ಬಂದ ಪದ್ಧತಿ. ದಶವಂದ, ಕೆರೆಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಹೇರಳ. ಅರಮನೆಯ ಬೊಕ್ಕಸದಿಂದ ಹಣ ತೆಗೆಯದೆ ಕೆರೆ ಎಬ್ಬಿಸುವ ಉಪಾಯ ಇದು. ಕಟ್ಟಿಸಿದವನಿಗೆ ಮುಂದಿನ ಬೆಳೆಯಲ್ಲಿ ಪಾಲು ಸಿಗುವುದರಿಂದ ಏರಿ ಒಡೆಯದಂತೆ ನೋಡಿಕೊಳ್ಳುವ ಹೊಣೆಯೂ ಅವನ ಮೇಲೇ ಬೀಳುತ್ತಿತ್ತು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ನೀರುಗಂಟಿಯ ಕೆಲಸ. ಅವನಿಗೆ ಕೂಲಿ ಹಣದ ರೂಪದಲ್ಲಿ ಇರಲಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಅವನ ಪಾಲಿನ ಧಾನ್ಯ ಬೇರೆ ತೆಗೆಯುತ್ತಿದ್ದರು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಐತಿಹ್ಯ ಈ ನೀರಿನ ಆರ್ಥಿಕತೆಯ ಒಳಗಿಂದಲೇ ಹುಟ್ಟಿದ್ದು. ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಪೂಜೆಗೊಳ್ಳುವ ಈ ಶರಣರು ಊರ ಸುತ್ತ ಐದು ಕೆರೆ ಕಟ್ಟಿಸಿದರೆಂದು ನಂಬಿಕೆ. ಕೆರೆಯ ಕೆಲಸಕ್ಕೆ ಬಂದವರು ಸಂಜೆ ತಮ್ಮ ಪಾಲಿನ ಮಣ್ಣಿನ ಗುಡ್ಡೆ ಬಗೆದರೆ ಅದರೊಳಗೆ ಅವರವರು ದುಡಿದಷ್ಟೇ ಕೂಲಿ ಸಿಗುತ್ತಿತ್ತಂತೆ. ಮೈಗಳ್ಳನಿಗೆ ಕಡಿಮೆ, ಮೈಮುರಿದು ದುಡಿದವನಿಗೆ ಹೆಚ್ಚು. ಪವಾಡದ ಕಥೆಯನ್ನು ಚರಿತ್ರೆಯೆಂದು ತೆಗೆದುಕೊಳ್ಳಬೇಕಿಲ್ಲ. ಆದರೆ ದುಡಿಮೆಗೆ ತಕ್ಕ ಕೂಲಿ ಎಂಬುದು ಒಂದು ಸೀಮೆಯ ಜನರಿಗೆ ಪವಾಡವಾಗಿ ಕಂಡಿದ್ದರೆ, ಸಾಮಾನ್ಯ ದಿನಗಳಲ್ಲಿ ಅದು ಎಷ್ಟರ ಮಟ್ಟಿಗೆ ಸಿಗುತ್ತಿತ್ತು ಎಂಬುದನ್ನು ಊಹಿಸಬಹುದು. ಬಿಟ್ಟಿ ದುಡಿಮೆ ಪಾಳೆಯಗಾರಿಕೆಯ ಅಂಗವೇ ಆಗಿತ್ತು. ಕೋಟೆಗೆ ಕಲ್ಲು ಸಾಗಿಸುವುದು, ದಂಡಿಗೆ ಸೌದೆ ಹುಲ್ಲು ಒದಗಿಸುವುದು, ದೊರೆಯ ಬೇಟೆಗೆ ಕಾಡು ಸೋವುವುದು, ಇವಕ್ಕೆ ಕೂಲಿ ಕೇಳುವ ರೂಢಿ ಇರಲಿಲ್ಲ.

ಕೆರೆಯ ಕೆಳಗೆ ಭತ್ತ ಬೆಳೆದವರು ಬೆರಳೆಣಿಕೆಯ ಊರಿನವರು. ಮಿಕ್ಕವರ ಆಸ್ತಿ ನಾಲ್ಕು ಕಾಲಿನದು. ಮಳೆ ಬಂದ ಕಡೆ ನಡೆದು ಹೋಗಬಲ್ಲ ಆಸ್ತಿಯೇ ಇಂಥ ನೆಲಕ್ಕೆ ಸರಿ. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಈ ಸೀಮೆಯ ಎರಡು ದೊಡ್ಡ ಪಶುಪಾಲಕ ಸಮುದಾಯಗಳು. ಊರ ಹೊರಗೆ ಮುಳ್ಳುಬೇಲಿಯ ಹಟ್ಟಿ, ಹಟ್ಟಿಯೊಳಗೆ ದನದ ರೊಪ್ಪ, ಹಟ್ಟಿಗೊಂದು ದೈವ. ಬೇಡರಲ್ಲೇ ಊರಬೇಡರು, ಮ್ಯಾಸಬೇಡರು ಎಂಬ ಎರಡು ಪಂಗಡ. ಊರಬೇಡರು ಬೇಸಾಯ, ಕಾವಲುಗಾರಿಕೆ, ದಂಡಿನ ಕಡೆ ಹೊರಳಿದರೆ ಮ್ಯಾಸಬೇಡರು ದನ ಬಿಡಲಿಲ್ಲ. ಕೋಳಿ ತಿನ್ನದ, ಹೆಂಡ ಮುಟ್ಟದ ಕಟ್ಟುಪಾಡು ಅವರನ್ನು ಪ್ರತ್ಯೇಕವಾಗಿಯೇ ಇಟ್ಟಿತು. ಕಟ್ಟೆಮನೆಗಳೆಂಬ ಕುಲದ ಕೂಟಗಳು ನ್ಯಾಯ ತೀರಿಸುತ್ತಿದ್ದವು. ಸಣ್ಣಪುಟ್ಟ ತಂಟೆಗೆ ದುರ್ಗದ ಚಾವಡಿಯವರೆಗೆ ಹೋಗಬೇಕಾಗಿರಲಿಲ್ಲ.

ದೇವರ ಎತ್ತುಗಳ ಸಂಪ್ರದಾಯವನ್ನು ಹತ್ತಿರದಿಂದ ನೋಡಬೇಕು. ಗಾದ್ರಿ ಪಾಲನಾಯಕನಂಥ ಸಾಂಸ್ಕೃತಿಕ ವೀರರ ಹೆಸರಿನಲ್ಲಿ, ಕಾಡುಗೊಲ್ಲರಲ್ಲಾದರೆ ಜುಂಜಪ್ಪ, ಎತ್ತಪ್ಪರ ಹೆಸರಿನಲ್ಲಿ ಒಂದು ಮಂದೆಯನ್ನು ದೇವರಿಗೆ ಬಿಡುತ್ತಾರೆ. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಕೊಲ್ಲುವಂತಿಲ್ಲ. ಮಂದೆ ಕಾಯುವವನು ಕಿಲಾರಿ. ಮೇವು ಇರುವ ಕಡೆಗೆ ಮಂದೆ ನಡೆಸಿಕೊಂಡು ಹೋಗುವ ಅವನ ಹೊಟ್ಟೆಬಟ್ಟೆ ಕುಲದವರ ಹೊಣೆ. ಹೊರಗಿನವನಿಗೆ ಇದು ಬರೀ ಭಕ್ತಿಯಾಗಿ ಕಾಣುತ್ತದೆ. ಅದರ ಆರ್ಥಿಕ ಅರ್ಥವೂ ಸಣ್ಣದಲ್ಲ: ಬರಗಾಲದಲ್ಲಿ ಮನೆಮನೆಯ ದನ ಸತ್ತರೂ ಮಾರಾಟವಾದರೂ ಕುಲದ ತಳಿ ಒಂದು ಕಡೆ ಉಳಿದಿರುತ್ತದೆ. ಸಾಲಕ್ಕೆ ಒತ್ತೆಯಿಡಲಾಗದ, ದೊರೆಯೂ ಸುಲಭಕ್ಕೆ ಕೈಹಾಕಲಾಗದ ಮೂಲಧನ ಅದು.

ದನವೇ ಸಂಪತ್ತಾದಾಗ ದನ ಹಿಡಿಯುವುದೇ ಯುದ್ಧವಾಗುತ್ತದೆ. ತುರುಗೊಳ್‌ನಲ್ಲಿ ಮಡಿದವರ ವೀರಗಲ್ಲುಗಳು ಈ ನಾಡಿನುದ್ದಕ್ಕೂ ನಾಯಕರಿಗಿಂತ ಹಳೆಯ ಕಾಲದಿಂದಲೇ ನಿಂತಿವೆ. ಸತ್ತವನ ಮನೆಗೆ ನೆತ್ತರುಗೊಡಗೆಯಾಗಿ ಹೊಲ ಬಿಡುವ ಪದ್ಧತಿಯೂ ಅಷ್ಟೇ ಹಳೆಯದು. ನಾಯಕರು ಈ ರೂಢಿಯನ್ನು ಅಳಿಸಲಿಲ್ಲ, ಅದರ ಮೇಲೆ ಸುಂಕ ಮತ್ತು ಶಿಸ್ತಿನ ಒಂದು ಪದರ ಹಾಕಿದರು. ಕಾವಲು ಕೊಟ್ಟ ಊರಿನಿಂದ ಕಾವಲಿನ ಪಾಲು, ಕೊಡದ ಊರಿನ ಮೇಲೆ ದಾಳಿ. ಎರಡರ ನಡುವಿನ ಗೆರೆ ತೆಳುವಾಗಿತ್ತು ಎಂದರೆ ನಾಯಕರಿಗೆ ಅಪಚಾರವೇನಿಲ್ಲ. ಅದೇ ಕಾಲದ ಮೊಗಲರಿಗೂ ಮರಾಠರಿಗೂ ಈ ಮಾತು ಸಲ್ಲುತ್ತದೆ.

ದನದ ನಂತರ ಕುರಿ. ಕುರುಬರ ಕರಿಕಂಬಳಿಗೆ ಚಳ್ಳಕೆರೆ ಸೀಮೆ ಇವತ್ತಿಗೂ ಹೆಸರಾದದ್ದು. ಅದರ ಕೆಲಸ ಆಗಲೂ ಹೆಚ್ಚುಕಡಿಮೆ ಹೀಗೆಯೇ: ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವುದು, ಅದನ್ನು ಬಿಡಿಸಿ ಹಿಂಜುವುದು, ಹೆಂಗಸರು ನೂಲುವುದು, ಹುಣಸೆ ಬೀಜ ಅರೆದು ಬೇಯಿಸಿದ ಅಂಟನ್ನು ಹಾಸಿಗೆ ಬಳಿದು ಬಿಸಿಲಿಗೆ ಬಿಗಿಯುವುದು, ಗುಂಡಿ ಮಗ್ಗದಲ್ಲಿ ಕೂತು ನೇಯುವುದು. ಹುಣಸೆಯ ಅಂಟು ಕುಡಿದ ಕಂಬಳಿ ಮೊದಮೊದಲು ಹಲಗೆಯಂತೆ ಬಿರುಸು, ಬಳಸಿದಂತೆ ಮೆತ್ತಗಾಗುತ್ತದೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ಮದುವೆಯಲ್ಲಿ ಗದ್ದುಗೆ, ದಂಡಿನವನಿಗೆ ಇಡೀ ಬಿಡಾರ. ಕುರಿಯಿಂದ ಇನ್ನೊಂದು ಹುಟ್ಟುವಳಿ ಇತ್ತು, ಅದು ಗೊಬ್ಬರ. ಬೆಳೆ ಕೊಯ್ದ ಹೊಲದಲ್ಲಿ ಕುರಿಯ ಮಂದೆ ನಿಲ್ಲಿಸಿ ಕುರಿಗಾಹಿಗೆ ಧಾನ್ಯ ಕೊಡುವ ಒಪ್ಪಂದದಲ್ಲಿ ಒಕ್ಕಲಿಗನಿಗೆ ಗೊಬ್ಬರ, ಕುರುಬನಿಗೆ ಊಟ. ನೆಲ ಹಸನಾಗಲು ಈ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ಟ್ಯೂಡರ್ ಇಂಗ್ಲೆಂಡಿನ ಸಿರಿವಂತಿಕೆಯೂ ಕುರಿಯ ಬೆನ್ನ ಮೇಲಿನದು. ಉಣ್ಣೆಯ ಬಟ್ಟೆ ಅಲ್ಲಿನ ಮುಖ್ಯ ರಫ್ತು. ಆದರೆ ಅಲ್ಲಿ ಉಣ್ಣೆಗೆ ದೂರದ ಮಾರುಕಟ್ಟೆ ಸಿಕ್ಕಿದ್ದರಿಂದ ಜಮೀನುದಾರರು ಊರೊಟ್ಟಿನ ಹುಲ್ಲುಗಾವಲಿಗೆ ಬೇಲಿ ಹಾಕಿದರು, ರೈತರು ಎದ್ದುಹೋಗಬೇಕಾಯಿತು. ಕುರಿಗಳು ಮನುಷ್ಯರನ್ನೇ ತಿನ್ನತೊಡಗಿವೆ ಎಂಬ ದೂರನ್ನು ಥಾಮಸ್ ಮೋರ್ 1516ರಲ್ಲೇ ಬರೆದ. ಚಳ್ಳಕೆರೆಯ ಕಂಬಳಿಗೆ ಆಂಟ್ವರ್ಪ್ ಪೇಟೆ ಇರಲಿಲ್ಲ. ಸುತ್ತಣ ಸಂತೆ, ದುರ್ಗದ ಪೇಟೆ, ದಂಡು, ಇಷ್ಟೇ ಗಿರಾಕಿ. ಆದ್ದರಿಂದ ಹುಲ್ಲುಗಾವಲಿಗೆ ಬೇಲಿ ಹಾಕುವ ಆಸೆ ಯಾರಿಗೂ ಹುಟ್ಟಲಿಲ್ಲ. ಹುಲ್ಲಿಗೆ ಹುಲ್ಲುಬನ್ನಿ, ಕುರಿಗೆ ಕುರಿದೆರೆ ಎತ್ತಿದರು. ನೆಲ ಎಲ್ಲರ ಮೇವಿಗೂ ತೆರೆದೇ ಇತ್ತು. ಬಡತನ ಕಾಪಾಡಿದ ಸ್ವಾತಂತ್ರ್ಯ ಅದು, ದೊರೆಗಳ ಔದಾರ್ಯದ್ದಲ್ಲ.

ತೆರಿಗೆಗಳ ಹೆಸರಿಗೆ ಬರವಿರಲಿಲ್ಲ. ಹೊಲಕ್ಕೆ ಕಂದಾಯ, ಮಗ್ಗಕ್ಕೆ ಮಗ್ಗದೆರೆ, ಗಾಣಕ್ಕೆ ಗಾಣದೆರೆ, ಸಂತೆಗೆ ಸುಂಕ, ಮದುವೆಗೂ ಒಂದು ತೆರೆ. ವಿಜಯನಗರದ ಶಾಸನಗಳಲ್ಲಿ ಕಾಣುವ ಈ ಬಾಬುಗಳು ಪಾಳೆಯಗಾರರ ಕಾಲಕ್ಕೂ ಸಾಗಿಬಂದವು. ಗೌಡ ಎತ್ತುವವನು, ಶ್ಯಾನುಭೋಗ ಬರೆಯುವವನು, ತಳವಾರ ಬಾಗಿಲಿಗೆ ಹೋಗುವವನು. ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸ ಎಲ್ಲರೂ ಆಯಗಾರರ ಪಟ್ಟಿಯಲ್ಲಿದ್ದು ಕಣದಲ್ಲಿ ತಮ್ಮ ಆಯ ಪಡೆಯುತ್ತಿದ್ದರು. ದುರ್ಗದ ಟಂಕಸಾಲೆಯ ದುರ್ಗಿ ವರಹ ಚಿನ್ನದ ನಾಣ್ಯ. ಹಳ್ಳಿಯವನ ಕೈಗೆ ಅದು ಬಂದದ್ದು ಅಪರೂಪ. ಹಳ್ಳಿಯಲ್ಲಿ ಲೆಕ್ಕ ನಡೆಯುತ್ತಿದ್ದುದು ಕೊಳಗ, ಖಂಡುಗಗಳಲ್ಲಿ.

ವರಹ ಬೇಕಾಗುತ್ತಿದ್ದುದು ಮೇಲಿನವರಿಗೆ ಕೊಡಲು. ದುರ್ಗದ ನಾಯಕರು ಯಾವ ಕಾಲದಲ್ಲೂ ಪೂರ್ತಿ ಸ್ವತಂತ್ರರಾಗಿರಲಿಲ್ಲ. ಮೊದಲು ಪೆನುಕೊಂಡೆಯ ಅರಸರಿಗೆ, 1638ರ ನಂತರದ ದಂಡಯಾತ್ರೆಗಳಿಂದ ಬಿಜಾಪುರಕ್ಕೆ, 1687ರಲ್ಲಿ ಶಿರಾ ಮೊಗಲರ ಸುಬಾ ಆದ ಮೇಲೆ ಅಲ್ಲಿಗೆ ಪೇಷ್ಕಷ್ ಸಲ್ಲಿಸಬೇಕಿತ್ತು. ಮರಾಠರು ಬಂದಾಗ ಚೌತ್. ಬಲವಿದ್ದಾಗ ಕೊಡದೆ ತಳ್ಳುವುದು, ದಂಡು ಬಾಗಿಲಿಗೆ ಬಂದಾಗ ಹಿಂದಿನ ಬಾಕಿ ಸಮೇತ ತೆರುವುದು. ತೆತ್ತ ವರ್ಷ ಹಳ್ಳಿಗಳ ಮೇಲೆ ಹೊರೆ. ಇಂಥ ಹಣಕಾಸಿನಲ್ಲಿ ಸಂಬಳದ ಸೈನ್ಯ ಸಾಕುವುದು ಆಗದ ಮಾತು. ಅದಕ್ಕೇ ಉಂಬಳಿ. ಕಾಲಾಳಿಗೆ ಹೊಲ, ಕರೆ ಬಂದಾಗ ಕೋವಿ ಹಿಡಿದು ಹಾಜರಾಗುವ ಕರಾರು. ಉತ್ತು ಬಿತ್ತುವಾಗ ಅವನು ಒಕ್ಕಲು, ಸುಗ್ಗಿ ಮುಗಿದ ಮೇಲೆ ದಂಡಿನವನು. ಬೇಡರ ಗುರಿಗಾರಿಕೆಗೆ ಮೊಗಲರ ಇತಿಹಾಸಕಾರರೂ ತಲೆದೂಗಿದ್ದಾರೆ.

ಆ ಗುರಿಗಾರಿಕೆಯ, ಜೊತೆಗೆ ಈ ಸೀಮೆಯ ಅನ್ನದ ಲೆಕ್ಕದ ಸಾಕ್ಷಿ ಸಿಕ್ಕಿದ್ದು 1695ರಲ್ಲಿ, ಚಳ್ಳಕೆರೆಗೆ ಹತ್ತಿರದ ದೊಡ್ಡೇರಿಯಲ್ಲಿ. ಶಿರಾದ ಮೊಗಲ್ ಅಧಿಕಾರಿ ಕಾಸಿಂ ಖಾನ್ ಮರಾಠ ಸೇನಾನಿ ಸಂತಾಜಿ ಘೋರ್ಪಡೆಯನ್ನು ತಡೆಯಲು ಹೊರಟ. ಅವನಿಗೆ ನೆರವಾಗಲು ಔರಂಗಜೇಬನ ಆಸ್ಥಾನದಿಂದ ಖಾನಾಜಾದ್ ಖಾನ್ ಮೊದಲಾದ ಗಣ್ಯರು ಬಂದರು. ಅತಿಥಿಗಳ ಸತ್ಕಾರಕ್ಕೆಂದು ಕಾಸಿಂ ಖಾನ್ ತನ್ನ ಉಗ್ರಾಣದ ಹೊಸ ಡೇರೆಗಳನ್ನೂ ಬೆಳ್ಳಿಬಂಗಾರದ ಪಾತ್ರೆಗಳನ್ನೂ ಮುಂದಕ್ಕೆ ಕಳಿಸಿದ್ದ. ಸಂತಾಜಿ ಮೊದಲು ಎರಗಿದ್ದು ಆ ಸಾಮಾನಿನ ಮೇಲೆ. ಭರಮಣ್ಣ ನಾಯಕ ಸಂತಾಜಿಯ ಪಕ್ಷ ಹಿಡಿದಿದ್ದ; ಬೇಡರ ಕೋವಿಗಳು ಮೊಗಲರ ದಂಡಿನ ಮೇಲೆ ಗುಂಡಿನ ಮಳೆ ಸುರಿಸಿದವು. ಮೊಗಲರು ದೊಡ್ಡೇರಿಯ ಸಣ್ಣ ಕೋಟೆಯ ಆಸರೆಗೆ ಓಡಿದರು.

ಯುದ್ಧ ಅಲ್ಲಿಗೆ ತೀರ್ಮಾನವಾಯಿತು ಎನ್ನಬಹುದು, ಏಕೆಂದರೆ ದೊಡ್ಡೇರಿಯ ಕಣಜದಲ್ಲಿದ್ದದ್ದು ಊರಿಗಷ್ಟೇ ಸಾಲುವ ಕಾಳು. ಮೊದಲ ದಿನ ಸಿಪಾಯಿಗಳಿಗೆ ಜೋಳ ಸಜ್ಜೆಯ ರೊಟ್ಟಿ ಸಿಕ್ಕಿತು, ದನ ಕುದುರೆಗಳಿಗೆ ಮನೆಗಳ ಚಾವಣಿಯಿಂದ ಕಿತ್ತ ಹುಲ್ಲು ಸಿಕ್ಕಿತು. ಎರಡನೆಯ ದಿನ ಅದೂ ಇಲ್ಲ. ಹಸಿದವರು ಗೋಡೆ ಹಾರಿ ಮರಾಠರ ಬಿಡಾರದ ಬಜಾರಿಗೆ ಓಡಿಹೋದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಅಫೀಮಿನ ಚಟವಿದ್ದ ಕಾಸಿಂ ಖಾನ್ ಅದು ಸಿಗದೆ ಸತ್ತನೆಂದು ಕೆಲವರು, ಬಾದಶಹನ ಕೋಪಕ್ಕೆ ಅಂಜಿ ವಿಷ ಕುಡಿದನೆಂದು ಕೆಲವರು. ಉಳಿದವರು 20 ಲಕ್ಷ ರೂಪಾಯಿ ಒತ್ತೆಹಣಕ್ಕೆ ಒಪ್ಪಿ, ಆನೆ ಕುದುರೆ ಸಾಮಾನು ಬಿಟ್ಟುಕೊಟ್ಟು ಪ್ರಾಣ ಉಳಿಸಿಕೊಂಡರು. ಎರಡು ತಿಂಗಳ ಒಳಗೆ ಬಸವಾಪಟ್ಟಣದ ಬಳಿ ಮೊಗಲರ ಇನ್ನೊಬ್ಬ ಸೇನಾನಿ ಹಿಮ್ಮತ್ ಖಾನ್ ಸಂತಾಜಿಯೊಡನೆ ಕಾದುವಾಗ ಹಣೆಗೆ ಗುಂಡು ಬಿದ್ದು ಸತ್ತ. ಮೊಗಲರಂಥ ಸಿರಿವಂತ ಸೈನ್ಯಕ್ಕೆ ಚಳ್ಳಕೆರೆಯ ನೆಲ ಮೂರು ದಿನದ ಗ್ರಾಸ ಕೊಡಲಾರದೆ ಹೋಯಿತು. ಬಡ ನೆಲವೇ ನಾಯಕರಿಗೆ ಅರ್ಧ ಕೋಟೆ.

ಇನ್ನರ್ಧ ಕಟ್ಟಿದ ಕೋಟೆ. ಏಳು ಸುತ್ತಿನ ದುರ್ಗದೊಳಗಿನ ಕಣಜಗಳು, ಎಣ್ಣೆಯ ಕೊಳಗಳು, ಮದ್ದು ಅರೆಯುವ ದೈತ್ಯ ಬೀಸುಕಲ್ಲುಗಳು, ಒಂದರಿಂದೊಂದಕ್ಕೆ ನೀರು ಇಳಿಯುವ ಹೊಂಡಗಳು ಇವತ್ತು ಪ್ರವಾಸಿಗರಿಗೆ ಬೆರಗು. ಅವು ಆಗ ಸುತ್ತಣ ಹಳ್ಳಿಗಳ ಬೆಳೆ ಹೋಗಿ ಸೇರುವ ಜಾಗ. ಬೇರೆ ಸರಕಿನ ವ್ಯಾಪಾರ ಎತ್ತಿನ ಬೆನ್ನ ಮೇಲೆ ನಡೆಯಿತು. ಲಂಬಾಣಿಗಳು ಹೇರೆತ್ತುಗಳ ಮೇಲೆ ಧಾನ್ಯ ಉಪ್ಪು ಸಾಗಿಸಿದರು, ದಂಡುಗಳಿಗೆ ಒದಗಿಸಿದವರೂ ಅವರೇ. ಬಣಜಿಗರು ಪೇಟೆ ಹಿಡಿದರು. ಚೌಳು ಮಣ್ಣಿನ ಕಡೆ ಉಪ್ಪಾರರು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಕಡಲುಪ್ಪಿನಷ್ಟು ಬೆಳ್ಳಗಿರದಿದ್ದರೂ ಬಡವರ ಅಂಬಲಿಗೆ ಅದೇ ಸಾಕಿತ್ತು.

ಈ ಸಮಾಜದ ಮೇಲುಕೀಳು ಗಟ್ಟಿಯಾಗಿತ್ತು, ಆದರೆ ಅದರ ಮೆಟ್ಟಿಲುಗಳು ಬೇರೆಡೆಯಂತಿರಲಿಲ್ಲ. ಬೇಟೆ ಮತ್ತು ಪಶುಪಾಲನೆಯ ಕುಲವೊಂದು ಸಿಂಹಾಸನ ಏರಿದ ನಾಡು ಇದು. ಅರಸರ ಪಟ್ಟಕ್ಕೆ ಸಂಪಿಗೆ ಸಿದ್ಧೇಶ್ವರನ ಸನ್ನಿಧಿ, ರಾಜಗುರುವಿನ ಸ್ಥಾನಕ್ಕೆ ಮುರುಘಾಮಠ, ಕಡತ ಬರೆಯಲು ಬ್ರಾಹ್ಮಣ ಶ್ಯಾನುಭೋಗರು, ಮನೆದೈವವಾಗಿ ಉಚ್ಚಂಗಿಯಮ್ಮ. ದಳವಾಯಿ ಮುದ್ದಣ್ಣನಂಥವರು ಸೈನ್ಯದ ಬಲದಿಂದ ಅರಸರನ್ನೇ ಇಳಿಸಿ ಏರಿಸಿದ ವರ್ಷಗಳೂ ಬಂದವು; ಭರಮಣ್ಣನ ಪಟ್ಟವಾದದ್ದು ಆ ರಕ್ತಪಾತದ ಬೆನ್ನಿಗೆ. ಕೋಟೆಯ ಕಾವಲಿನಲ್ಲಿ ಛಲವಾದಿಗಳಿಗೆ ಸ್ಥಾನವಿತ್ತು. ಕಹಳೆಯ ಮುದ್ದಹನುಮನೂ ಅವನ ಹೆಂಡತಿ ಓಬವ್ವನೂ ಆ ಸಮುದಾಯದವರೆಂದೇ ಪರಂಪರೆ ನೆನೆಯುತ್ತದೆ. ಆಪತ್ತಿನಲ್ಲಿ ಕೋಟೆಯ ಕಿಂಡಿ ಕಾದವರಿಗೆ ಶಾಂತಿಯಲ್ಲಿ ಊರ ಬಾವಿ ಮುಟ್ಟುವ ಹಕ್ಕು ಇರಲಿಲ್ಲ ಎಂಬುದನ್ನು ಓಬವ್ವನ ಪ್ರತಿಮೆಗೆ ಹಾರ ಹಾಕುವವರು ನೆನಪಿಟ್ಟಿರಬೇಕು. ಹೆಂಗಸರ ದುಡಿಮೆಯ ಲೆಕ್ಕವನ್ನು ಕಡತಗಳು ಬರೆಯಲಿಲ್ಲ. ನೂಲುವುದು, ಬೀಸುವುದು, ನೀರು ಹೊರುವುದು, ಹೈನು ಮಾಡುವುದು ಎಲ್ಲ ಅವರ ಪಾಲಿನವೇ.

ಹದಿನೆಂಟನೆಯ ಶತಮಾನದಲ್ಲಿ ಯುದ್ಧದ ಖರ್ಚು ಸೀಮೆಯ ಶಕ್ತಿಯನ್ನು ಮೀರತೊಡಗಿತು. ಬಿದನೂರಿನವರ ವಿರುದ್ಧ ಮಾಯಕೊಂಡದಲ್ಲಿ 1748ರ ಸುಮಾರಿಗೆ ಹಿರೇಮದಕರಿ ನಾಯಕನೇ ಮಡಿದ. 1761ರಲ್ಲಿ ಶಿರಾ ಹೈದರಾಲಿಯ ವಶವಾಯಿತು. ಕೊನೆಯ ಮದಕರಿ ನಾಯಕ ಕೆಲಕಾಲ ಹೈದರನ ಪಕ್ಷದಲ್ಲಿದ್ದು ಆಮೇಲೆ ಮರಾಠರ ಕಡೆ ವಾಲಿದ. 1777ರ ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಕೋಟೆ ಜಗ್ಗಲಿಲ್ಲ. 1779ರಲ್ಲಿ ಒಳಗಿನವರೇ ಕೈಕೊಟ್ಟರು.

ಗೆದ್ದ ಮೇಲೆ ಹೈದರಾಲಿ ಮಾಡಿದ ಕೆಲಸದಲ್ಲಿ ಅವನ ಲೆಕ್ಕಾಚಾರ ಕಾಣುತ್ತದೆ. ಮೈಸೂರಿನ ಚರಿತ್ರೆ ಬರೆದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ ಹೇಳುವ ಪ್ರಕಾರ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಲಾಯಿತು. ನೆಲವನ್ನಷ್ಟೇ ಕಿತ್ತುಕೊಂಡಿದ್ದರೆ ದುರ್ಗ ಮತ್ತೆ ಎದ್ದೀತು; ದುಡಿಯುವ ಮತ್ತು ಕಾದುವ ಕೈಗಳೇ ಇಲ್ಲದ ಮೇಲೆ ಏಳುವುದು ಹೇಗೆ? ಕೈಗಳೇ ವಿರಳವಾದ ಸೀಮೆಯಿಂದ ಕೈಗಳನ್ನೇ ಒಯ್ಯುವುದಕ್ಕಿಂತ ದೊಡ್ಡ ಹೊಡೆತ ಇಲ್ಲ. ಉಂಬಳಿಯ ಹೊಲ ಪಾಳು ಬಿತ್ತು, ನೋಡುವವರಿಲ್ಲದ ಕೆರೆಗಳಲ್ಲಿ ಹೂಳು ತುಂಬಿತು. ಮುಂದಿನ ಹತ್ತಿಪ್ಪತ್ತು ವರ್ಷ ಟಿಪ್ಪುವಿನ ಯುದ್ಧಗಳಲ್ಲಿ ಮರಾಠ ಪಡೆಗಳು ಈ ದಾರಿಯಲ್ಲೇ ಓಡಾಡಿದವು.

ದನವೂ ಕೈಬದಲಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿದ್ದ ಬೆಣ್ಣೆಚಾವಡಿಯೆಂಬ ಅರಮನೆಯ ದನಗಳ ಇಲಾಖೆಯನ್ನು ಹೈದರ್ ಬೆಳೆಸಿದ. ಪಾಳೆಯಗಾರರಿಂದ ಹಿಡಿದ ಒಳ್ಳೆಯ ತಳಿಯ ದನಗಳು ಅದಕ್ಕೆ ಸೇರಿದವು. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮೈಸೂರು ಸಂಸ್ಥಾನದಾದ್ಯಂತ ಕಾವಲುಗಳನ್ನು ಗುರುತಿಸಿ ಕಾಯ್ದಿಟ್ಟರು. ಚಳ್ಳಕೆರೆಯ ಬಯಲು ಹುಲ್ಲುಗಾವಲು ಅವುಗಳಲ್ಲಿ ದೊಡ್ಡವುಗಳ ಪೈಕಿ ಒಂದು. ನಾಯಕರ ಕಾಲದಲ್ಲಿ ಹುಲ್ಲುಬನ್ನಿ ಕೊಟ್ಟು ಮೇಯಿಸುತ್ತಿದ್ದ ನೆಲ ಸರ್ಕಾರದ ದನದ ನೆಲವಾಯಿತು. ಸುತ್ತಣ ಹಟ್ಟಿಗಳವರು ಅಲ್ಲಿ ಕುರಿ ದನ ಮೇಯಿಸುವುದನ್ನು ಬಿಡಲಿಲ್ಲ.

ಆ ಕಾವಲಿಗೆ ಬೇಲಿ ಬಿದ್ದದ್ದು ನಮ್ಮ ಕಾಲದಲ್ಲಿ. 2010ರ ಆಸುಪಾಸಿನಲ್ಲಿ ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ವಿಜ್ಞಾನ ಸಂಸ್ಥೆಯೊಂದರ ಪಾಲೇ 1,500 ಎಕರೆ. ಕುರಿಗಾಹಿಗಳ ಮತ್ತು ಪರಿಸರವಾದಿಗಳ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸಂಸ್ಥೆಗಳ ಕಾಂಪೌಂಡು ಗೋಡೆಗಳು ಎದ್ದು ನಿಂತಿವೆ. ದೇವರ ಎತ್ತುಗಳ ಮಂದೆಗಳು ಈಗ ಉಳಿದ ಕಾವಲಿನಲ್ಲಿ, ಬೇಸಿಗೆಯಲ್ಲಿ ದಾನಿಗಳ ಮೇವಿನಲ್ಲಿ ಮತ್ತು ಸರ್ಕಾರ ತೆರೆಯುವ ಗೋಶಾಲೆಗಳಲ್ಲಿ ಬದುಕುತ್ತಿವೆ.